ಹಳೇ ಜೀಪಿನ ಡಿಫರೆನ್ಷಿಯಲ್ ಮುರಿದಾಗ ನಾನು ಪಟ್ಟ ಪಾಡು

ಒಂಬತ್ತು ವಾರ ನಿಂತಲ್ಲೇ ನಿಂತಿದ್ದ ಜೀಪು ಈಗ ಓಡುತ್ತಿದೆ. ರಿಪೇರಿ ಆದ ಮೇಲೆ ಮೊದಲ ಎಂಟುನೂರು ಕಿಲೋಮೀಟರ್ ಕೂಡ ಮುಗಿಯಿತು. ಮರೆತು ಹೋಗುವ ಮೊದಲು ಎಲ್ಲವನ್ನೂ ಬರೆದಿಡೋಣ ಅಂತ ಕೂತಿದ್ದೇನೆ. ಯಾಕೆಂದರೆ ನನಗೆ ಇದು ಆದಾಗ ಯಾರನ್ನು ಕೇಳಿದರೂ ಒಬ್ಬೊಬ್ಬರು ಒಂದೊಂದು ಹೇಳಿದರು, ಅದರಲ್ಲಿ ಅರ್ಧ ತಪ್ಪು, ಉಳಿದ ಅರ್ಧ ಸರಿಯಿದ್ದರೂ ನನಗೆ ಆಗ ಅರ್ಥ ಆಗಲಿಲ್ಲ.

ಗಾಡಿ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ವಿಲ್ಲಿಸ್ ವಂಶದ ಹಳೇ ಜೀಪು. ಹಿಂದೆ ಡಾನಾ 44 ಆಕ್ಸಲ್, ಮುಂದೆ ಡಾನಾ 25, ನಡುವೆ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್, ಅಂದರೆ ಎಂಜಿನ್ ಶಕ್ತಿಯನ್ನು ಹಿಂದಿನ, ಮುಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ. ಆ ಶಕ್ತಿಯನ್ನು ಎಡ ಬಲ ಚಕ್ರಗಳಿಗೆ ಹಂಚಲು ಪ್ರತಿ ಆಕ್ಸಲ್ ನಡುವೆ ಇರುವ ಗೇರುಗಳೇ ಡಿಫರೆನ್ಷಿಯಲ್. ಎರಡೂ ಆಕ್ಸಲ್‌ಗಳ ರೇಶಿಯೊ 5.38, ಅಂದರೆ ಚಕ್ರಗಳು ಒಂದು ಸುತ್ತು ತಿರುಗಲು ಆಕ್ಸಲ್‌ಗೆ ಬರುವ ಶಾಫ್ಟ್ ಅಷ್ಟು ಸುತ್ತು ತಿರುಗಬೇಕು. ಈ ನಂಬರ್ ನೆನಪಿಟ್ಟುಕೊಳ್ಳಿ, ಮುಂದೆ ಇದರಿಂದಲೇ ನನ್ನ ದುಡ್ಡು ಹೋಗುತ್ತದೆ.

ಮುರಿದ ದಿನ ಕಲ್ಲು ತುಂಬಿದ ಏರು ಹತ್ತುತ್ತಿದ್ದೆ. ಹಿಂದಿನ ಬಲಗಡೆ ಚಕ್ರ ಗಾಳಿಯಲ್ಲಿ ಎದ್ದು ಸುಮ್ನೆ ತಿರುಗತೊಡಗಿತು. ಮಾಮೂಲಿ ಡಿಫರೆನ್ಷಿಯಲ್ ಹಾಗೇ ಅಲ್ವಾ, ಯಾವ ಚಕ್ರಕ್ಕೆ ಹಿಡಿತ ಇಲ್ಲವೋ ಅದನ್ನೇ ಗಿರಗಿರ ತಿರುಗಿಸುತ್ತದೆ. ಆಗ ಕಾಲು ತೆಗೆಯಬೇಕಿತ್ತು. ನಾನು ಆಕ್ಸಿಲರೇಟರ್ ಇನ್ನೂ ಒತ್ತಿದೆ. ತಿರುಗುತ್ತಿದ್ದ ಚಕ್ರ ಹಾಗೇ ಕೆಳಗೆ ಬಂದು ಕಲ್ಲನ್ನು ಕಚ್ಚಿತು. ಕಬ್ಬಿಣದ ಪೆಟ್ಟಿಗೆಯೊಳಗೆ ಯಾರೋ ಸುತ್ತಿಗೆಯಿಂದ ಒಂದೇ ಏಟು ಹೊಡೆದ ಹಾಗೆ ಸದ್ದಾಯಿತು. ಆಮೇಲೆ ಗಾಡಿ ಸ್ವಲ್ಪ ಮುಂದೆ ಹೋಗುವುದು, ಟಕ್, ಮತ್ತೆ ಸ್ವಲ್ಪ ಹೋಗುವುದು, ಟಕ್.

ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ಜೀಪು ಅರ್ಧ ಅಡಿಯಷ್ಟು ಹಿಂದಕ್ಕೆ ಜಾರಿ, ಟಕ್ ಅಂತ ನಿಂತಿತು. ಆಗ ನಿಜವಾಗಿಯೂ ಎದೆ ಝಲ್ಲೆಂದಿತು. ಈ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸ್ ಹಿಂಭಾಗದಲ್ಲಿ ಒಂದು ಡ್ರಮ್ ಇರುತ್ತದೆ, ಅದು ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಶಾಫ್ಟಿನಿಂದ ಚಕ್ರದ ತನಕ ಇರುವ ಕೊಂಡಿ ಅಂದರೆ ಡಿಫರೆನ್ಷಿಯಲ್ಲೇ. ಅದರ ಹಲ್ಲು ಮುರಿದರೆ ಹ್ಯಾಂಡ್‌ಬ್ರೇಕ್ ಹೋದ ಹಾಗೆಯೇ. ನಿಮಗೆ ಇಂಥದ್ದೇನಾದರೂ ಆದರೆ ಬಾನೆಟ್ ಎತ್ತುವುದು, ಕೆಳಗೆ ಬಗ್ಗಿ ನೋಡುವುದು ಎಲ್ಲಾ ಆಮೇಲೆ. ಮೊದಲು ಚಕ್ರಗಳಿಗೆ ದೊಡ್ಡ ಕಲ್ಲು ಕೊಡಿ. ನಾಲ್ಕಕ್ಕೂ ಕೊಡಿ.

ಹಿಂದಿನ ಡಿಫರೆನ್ಷಿಯಲ್ ಕವರಿನ ಕೆಳಗೆ ಎಣ್ಣೆ ಒಸರಿರಲಿಲ್ಲ. ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ ಬೆರಳು ತೂರಿಸಿದೆ. ಬೆರಳಿಗೆ ಬಂದದ್ದು ಗೇರ್ ಆಯಿಲ್ ಅಂತ ಹೇಳುವ ಹಾಗಿರಲಿಲ್ಲ. ಹಾಲು ಜಾಸ್ತಿಯಾದ ಕಾಫಿಯ ಬಣ್ಣ, ಅದರಲ್ಲಿ ಬಿಸಿಲಿಗೆ ಮಿನುಗುವ ಬೆಳ್ಳಿಪುಡಿ. ಪುಡಿ ಅಂದರೆ ಲೋಹ. ಬಣ್ಣ ಅಂದರೆ ನೀರು.

ಅಲ್ಲಿಂದ ಗಾಡಿ ಹೊರಗೆ ತರುವುದೇ ಒಂದು ಕಥೆ. ಜೊತೆಗಿದ್ದ ಗೆಳೆಯ, "ಕಟ್ಟಿ ಎಳೆಯೋಣ ಮಾರಾಯ" ಅಂದ. ನಾನೂ ಹೂಂ ಅಂದೆ, ಆಮೇಲೆ ಯೋಚನೆ ಬಂತು. ಹಿಂದಿನ ಚಕ್ರ ನೆಲದ ಮೇಲೆ ಉರುಳಿದರೆ ಒಳಗೆ ಕ್ರೌನ್ ವೀಲ್ ಅನ್ನುವ ದೊಡ್ಡ ಹಲ್ಲುಚಕ್ರ ತಿರುಗುತ್ತಲೇ ಇರುತ್ತದೆ, ಎಂಜಿನ್ ಆಫ್ ಇದ್ದರೂ ಸರಿ, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ್ದರೂ ಸರಿ. ಮುರಿದ ತುಂಡೊಂದು ಕ್ರೌನ್ ಮತ್ತು ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರವಾದ ಪಿನಿಯನ್ ನಡುವೆ ಸಿಕ್ಕಿಕೊಂಡರೆ ಎರಡೂ ಚಕ್ರ ಒಮ್ಮೆಲೇ ಲಾಕ್ ಆಗುತ್ತವೆ. ಹೌಸಿಂಗ್ ಒಡೆದು ಹೋದರೂ ಹೋಯಿತು. ಆಕ್ಸಲ್ ಶಾಫ್ಟ್ ಎಳೆದು ಹಾಕಿ ಉರುಳಿಸಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಫುಲ್ ಫ್ಲೋಟಿಂಗ್ ಆಕ್ಸಲ್‌ಗೆ ಸರಿ. ನನ್ನದು ಸೆಮಿ ಫ್ಲೋಟಿಂಗ್, ಚಕ್ರ ಕೂತಿರುವುದೇ ಶಾಫ್ಟಿನ ಮೇಲೆ, ಶಾಫ್ಟ್ ತೆಗೆದರೆ ಚಕ್ರವೂ ಬಂತು. ಹಿಂಭಾಗ ಎತ್ತಿ ಎಳೆಯುವ ಗಾಡಿ ಅಥವಾ ಇಡೀ ಜೀಪನ್ನು ಹೊರುವ ಲಾರಿ, ಇವೆರಡೇ ಸರಿಯಾದ ದಾರಿ. ಅವೆರಡೂ ಆ ಏರಿಗೆ ಬರುವ ಹಾಗಿರಲಿಲ್ಲ.

ಕೊನೆಗೆ ಹೀಗೆ ಮಾಡಿದೆವು. ಗೆಳೆಯ ಗೇರ್ ಆಯಿಲ್ ತರಲು ಹೋದ. ಮೂರು ಗಂಟೆ ಬಿಟ್ಟು ಬಂದ. ಅಷ್ಟರಲ್ಲಿ ನಾನು ಹಿಂದಿನ ಕವರಿನ ಹತ್ತು ಬೋಲ್ಟ್ ಬಿಚ್ಚಿ, ಕೆಸರುಬಣ್ಣದ ಎಣ್ಣೆಯನ್ನು ಡಬ್ಬಕ್ಕೆ ಇಳಿಸಿ, ಕೈ ಹಾಕಿ, ಮ್ಯಾಗ್ನೆಟ್ ಹಾಕಿ ಸಿಕ್ಕಿದ ತುಂಡುಗಳನ್ನೆಲ್ಲ ಹೊರಗೆ ತೆಗೆದೆ. ಕ್ರೌನ್ ವೀಲಿನಲ್ಲಿ ಸಾಲಾಗಿ ಮೂರು ಹಲ್ಲು ಇರಲಿಲ್ಲ. ಬುಡದಲ್ಲಿ ಬೂದುಬಣ್ಣದ, ಒರಟಾದ, ಸಕ್ಕರೆ ಹರಳಿನ ಹಾಗಿರುವ ಮುರಿತ. ತುಂಡುಗಳನ್ನು ಬಟ್ಟೆಯ ಮೇಲೆ ಇಟ್ಟು ಒಂದಕ್ಕೊಂದು ಜೋಡಿಸಿ ನೋಡಿದೆ. ಎರಡು ಹಲ್ಲು ಪೂರ್ತಿ ಕೂಡಿದವು. ಮೂರನೆಯದರ ಒಂದು ಮೂಲೆ ಮಾತ್ರ ಸಿಗಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ.

ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಜೀಪಿನೊಳಗೆ ಹಾಕಿದೆವು. ಕವರ್ ಮುಚ್ಚಿ ಹೊಸ ಆಯಿಲ್ ಸುರಿದೆವು, ಒಂದೂಕಾಲು ಲೀಟರ್ ಆಸುಪಾಸು ಹಿಡಿಯುತ್ತದೆ. ಟ್ರಾನ್ಸ್‌ಫರ್ ಕೇಸಿನ ಸಣ್ಣ ಲಿವರ್ ಎಳೆದು ಫ್ರಂಟ್ ಹಾಕಿ, ಮುಂದಿನ ಚಕ್ರಗಳಿಂದಲೇ ಎಳೆಸಿಕೊಂಡು ನಡಿಗೆಯ ವೇಗದಲ್ಲಿ ಹೊರಟೆವು. ಸ್ಪೈಸರ್ 18ರಲ್ಲಿ ಶಾಫ್ಟ್ ಬಿಚ್ಚಿದರೂ ಎಣ್ಣೆ ಸುರಿಯುವುದಿಲ್ಲ, ಅದೊಂದು ಪುಣ್ಯ. ಕೆಲವು ಗಾಡಿಗಳಲ್ಲಿ ಶಾಫ್ಟಿನ ತುದಿಯೇ ಟ್ರಾನ್ಸ್‌ಫರ್ ಕೇಸ್ ಒಳಗೆ ಕೂತಿರುತ್ತದೆ, ಎಳೆದರೆ ಎಣ್ಣೆಯೆಲ್ಲ ಹೊರಗೆ. ಇನ್ನೊಂದು ಮಾತು, ಶಾಫ್ಟ್ ಬಿಚ್ಚಿದ ಮೇಲೆ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಕ್ಕೆ ಏನೂ ಮಾಡುವುದಿಲ್ಲ. ಫ್ರಂಟ್ ಲಿವರ್ ಹಾಕಿದ್ದರೆ ಮಾತ್ರ ಅದು ಮುಂದಿನ ಚಕ್ರಗಳನ್ನು ಹಿಡಿಯುತ್ತದೆ. ಅಪ್ಪಿತಪ್ಪಿ ಲಿವರ್ ತೆಗೆದರೆ ಗಾಡಿ ಸ್ವತಂತ್ರ.

ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಸಿಟ್ಟು ನನ್ನ ಮೇಲೇ.

ಯಾಕೆಂದರೆ ಹಲ್ಲು ಆ ದಿನ ಮುರಿದದ್ದು ನಿಜ, ಆದರೆ ಕೆಟ್ಟದ್ದು ಆ ದಿನವಲ್ಲ. ಆರು ತಿಂಗಳಿಂದ ಹಿಂದಿನಿಂದ ಒಂದು ಊಳಿಡುವ ಸದ್ದು ಬರುತ್ತಿತ್ತು. ನನ್ನ ಟೈರುಗಳು ದಪ್ಪ ಗುಬುಟಿನವು, ಡಾಂಬರಿನ ಮೇಲೆ ಅವೂ ಗುಂಯ್ ಅನ್ನುತ್ತವೆ. ಟೈರು ಅಂತ ಸುಮ್ಮನಿದ್ದೆ. ಗುರುತಿಸುವುದು ಎಷ್ಟು ಸುಲಭ ಅಂತ ಈಗ ಗೊತ್ತಾಗಿದೆ. ಟೈರಿನ ಸದ್ದು ರಸ್ತೆ ಬದಲಾದರೆ ಬದಲಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬದಲಾಗುವುದಿಲ್ಲ. ಕ್ರೌನ್ ಪಿನಿಯನ್ ಸದ್ದು ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ. ತಿರುವಿನಲ್ಲಿ ಮಾತ್ರ ಸದ್ದು ಬಂದರೆ ಒಳಗಿನ ಸಣ್ಣ ಸ್ಪೈಡರ್ ಗೇರುಗಳ ಮೇಲೆ ಅನುಮಾನ ಪಡಬೇಕು. ಯಾವಾಗಲೂ ಒಂದೇ ಸಮ ಗರಗರ ಅಂದರೆ ಬೇರಿಂಗ್. ನನ್ನದು ಒತ್ತಿದಾಗ ಊಳಿಡುತ್ತಿತ್ತು. ಆರು ತಿಂಗಳು.

ನೀರು ಹೇಗೆ ಹೋಯಿತು ಅನ್ನುವುದು ಮಾರನೇ ದಿನ ಗೊತ್ತಾಯಿತು. ಆಕ್ಸಲ್ ಮೇಲೆ ಹೆಬ್ಬೆರಳಿಗಿಂತ ಸಣ್ಣ ಒಂದು ಬ್ರೀದರ್ ಇರುತ್ತದೆ. ಒಳಗೆ ಬಿಸಿಯಾದ ಗಾಳಿ ಹೊರಗೆ ಹೋಗಲಿ, ತಣ್ಣಗಾದಾಗ ಒಳಗೆ ಬರಲಿ ಅಂತ. ನನ್ನದರಲ್ಲಿ ಕೆಸರು ಒಣಗಿ ಕಲ್ಲಾಗಿತ್ತು. ಸೂಜಿ ಕೂಡ ಹೋಗಲಿಲ್ಲ. ಗಾಡಿ ಓಡಿ ಆಕ್ಸಲ್ ಬಿಸಿಯಾಗಿರುತ್ತದೆ, ಆಗಲೇ ಹೊಳೆಗೆ ಇಳಿಸುತ್ತೇವೆ, ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಆ ಗಾಳಿಯ ಜಾಗಕ್ಕೆ ಸೀಲುಗಳ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ನೀರು ಎಣ್ಣೆಗೆ ಸೇರಿತು, ಪಿನಿಯನ್ ಬೇರಿಂಗ್‌ಗೆ ತುಕ್ಕು ಹಿಡಿಯಿತು, ಬೇರಿಂಗ್ ಸವೆದು ಪಿನಿಯನ್ ಆಡತೊಡಗಿತು, ಹಲ್ಲುಗಳು ಇಡೀ ಮುಖದಲ್ಲಿ ಕೂಡುವ ಬದಲು ಅಂಚಿನಲ್ಲಿ ಮಾತ್ರ ಕೂಡಿದವು. ಕಲ್ಲಿನ ಏರು ಕೊನೆಯ ಏಟು ಕೊಟ್ಟಿತು, ಅಷ್ಟೇ. ಹೊಳೆ ದಾಟಿದ ಮರುದಿನ ಆ ಬೋಲ್ಟ್ ಬಿಚ್ಚಿ ಬೆರಳು ಹಾಕಿ ನೋಡಿದ್ದರೆ ಒಂದೂಕಾಲು ಲೀಟರ್ ಎಣ್ಣೆಯಲ್ಲಿ ಮುಗಿಯುತ್ತಿತ್ತು.

ಮೊದಲ ವಾರ ಸಲಹೆಗಳಲ್ಲೇ ಕಳೆಯಿತು. ಒಬ್ಬರು ಮುರಿದ ಹಲ್ಲಿನ ಜಾಗಕ್ಕೆ ವೆಲ್ಡಿಂಗ್ ತುಂಬಿಸಿ ಕಡೆದು ಕೂರಿಸುತ್ತೇನೆ ಅಂದರು. ಕ್ರೌನ್ ಹಲ್ಲಿನ ಮೇಲ್ಮೈ ಗಟ್ಟಿ ಮಾಡಿದ ಉಕ್ಕು, ವೆಲ್ಡಿಂಗ್ ಕಾವಿಗೆ ಆ ಗಟ್ಟಿತನವೇ ಹೋಗುತ್ತದೆ, ಜೊತೆಗೆ ಕೈಯಲ್ಲಿ ಕಡೆದ ಹಲ್ಲು ಆ ಬಾಗಿದ ಆಕಾರಕ್ಕೆ ಬರುವುದುಂಟಾ? ಬೇಡ ಅಂದೆ. ಇನ್ನೊಬ್ಬರು ಇಡೀ ಆಕ್ಸಲ್ಲೇ ಗುಜರಿಯಿಂದ ತಂದು ಹಾಕಿ ಅಂದರು. ಇದು ಕೆಟ್ಟ ಸಲಹೆ ಅಲ್ಲ, ಸಿಕ್ಕರೆ ಬೇಗ ಮುಗಿಯುತ್ತದೆ. ಆದರೆ ಅಗಲ, ಸ್ಪ್ರಿಂಗ್ ಕೂರುವ ಜಾಗ, ಬ್ರೇಕು, ರೇಶಿಯೊ ನಾಲ್ಕೂ ಹೊಂದಬೇಕು. ನನಗೆ ಸಿಕ್ಕ ಎರಡರಲ್ಲಿ ಒಂದು ಅಗಲ ಜಾಸ್ತಿ, ಇನ್ನೊಂದರ ಟ್ಯೂಬ್ ಬಗ್ಗಿತ್ತು. ಹಾಗಾಗಿ ಕ್ರೌನ್ ಪಿನಿಯನ್ ಸೆಟ್ ಹುಡುಕಲು ಹೊರಟೆ.

ಇಲ್ಲಿ ಒಂದು ವಿಷಯ. ಕ್ರೌನ್ ಒಂದನ್ನೇ ಅಥವಾ ಪಿನಿಯನ್ ಒಂದನ್ನೇ ಬದಲಿಸುವ ಹಾಗಿಲ್ಲ. ಅವೆರಡನ್ನೂ ಕಾರ್ಖಾನೆಯಲ್ಲಿ ಒಟ್ಟಿಗೆ ತಿರುಗಿಸಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ, ಎರಡರ ಮೇಲೂ ಒಂದೇ ನಂಬರ್ ಗೀರಿರುತ್ತದೆ. ನಂಬರ್ ಬೇರೆ ಬೇರೆ ಇದ್ದರೆ ಎಷ್ಟೇ ಹೊಳೆಯುತ್ತಿದ್ದರೂ ಮುಟ್ಟಬೇಡಿ.

ಮೂರನೇ ವಾರ ಗುಜರಿಯಲ್ಲಿ ಒಂದು ಸೆಟ್ ಸಿಕ್ಕಿತು. ಗೋಣಿಚೀಲದಲ್ಲಿ, ಮೈತುಂಬಾ ಕರಿ ಗ್ರೀಸು. ಪಿನಿಯನ್ ಹಲ್ಲು ಎಣಿಸಿದೆ, ಎಂಟು. ನನ್ನದರಲ್ಲೂ ಎಂಟು. ಕ್ರೌನ್ ಹಳೆಯದರ ಪಕ್ಕ ಇಟ್ಟು ನೋಡಿದೆ, ಅಗಲ ಒಂದೇ, ಎಂಟೂವರೆ ಇಂಚು. ಖುಷಿಯಲ್ಲಿ ದುಡ್ಡು ಎಣಿಸಿ ಕೊಟ್ಟು ಬಂದೆ. ಮನೆಯಲ್ಲಿ ಸೀಮೆಎಣ್ಣೆ ಹಾಕಿ ಒರೆಸಿದಾಗ ಕ್ರೌನಿನ ಅಂಚಿನಲ್ಲಿ ಅಂಕಿ ಕಂಡಿತು. 39, 8. ನನಗೆ ಬೇಕಾಗಿದ್ದು 43, 8. ನಲವತ್ತಮೂರನ್ನು ಎಂಟರಿಂದ ಭಾಗಿಸಿದರೆ 5.38, ಮೂವತ್ತೊಂಬತ್ತನ್ನು ಭಾಗಿಸಿದರೆ 4.88.

ನಾಲ್ಕು ಹಲ್ಲಿನ ವ್ಯತ್ಯಾಸ, ಏನಾಗುತ್ತದೆ ಅಂತ ಕೇಳುತ್ತೀರಾ? ಹಿಂದಿನ ಆಕ್ಸಲ್ ಒಂದರಲ್ಲೇ ಓಡಿಸಿದರೆ ಏನೂ ಆಗುವುದಿಲ್ಲ. ಫೋರ್ ವೀಲ್ ಹಾಕಿದ ಕೂಡಲೇ ಆಗುತ್ತದೆ. ಮುಂದಿನ ಚಕ್ರ ಹತ್ತು ಮೀಟರ್ ಉರುಳುವಷ್ಟರಲ್ಲಿ ಹಿಂದಿನದು ಹನ್ನೊಂದು ಮೀಟರ್ ಉರುಳಬೇಕು ಅಂತ ಹಟ ಮಾಡುತ್ತದೆ. ನಡುವೆ ಡಿಫರೆನ್ಷಿಯಲ್ ಇಲ್ಲದ ಟ್ರಾನ್ಸ್‌ಫರ್ ಕೇಸ್, ಅದಕ್ಕೆ ರಾಜಿ ಮಾಡಿಸಲು ಬರುವುದಿಲ್ಲ. ಟೈರು ಜಾರಬೇಕು, ಇಲ್ಲವೇ ಏನಾದರೂ ಮುರಿಯಬೇಕು. ಹಾಗಾಗಿ ಹಿಂದೆ ರೇಶಿಯೊ ಬದಲಿಸಿದರೆ ಮುಂದೆಯೂ ಬದಲಿಸಬೇಕು.

ಹಲ್ಲು ಎಣಿಸಲು ಆಗದಿದ್ದಾಗ ರೇಶಿಯೊ ತಿಳಿಯುವ ವಿಧಾನ ಹೇಳುತ್ತೇನೆ. ಒಂದು ಹಿಂದಿನ ಚಕ್ರ ಮಾತ್ರ ಜಾಕ್ ಮೇಲೆ ಎತ್ತಿ. ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಗೇರು ನ್ಯೂಟ್ರಲ್, ಇಂಥ ಜೀಪಾದರೆ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು, ಇಲ್ಲದಿದ್ದರೆ ಶಾಫ್ಟ್ ತಿರುಗುವುದಿಲ್ಲ. ಚಕ್ರಕ್ಕೂ ಶಾಫ್ಟಿಗೂ ಸುಣ್ಣದ ಗುರುತು ಹಾಕಿ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ರೇಶಿಯೊ. 5.38 ಇದ್ದರೆ ಐದು ಸುತ್ತು ದಾಟಿ ಇನ್ನೂ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಮುಂದೆ ನಿಲ್ಲುತ್ತದೆ. ಡಾನಾ 44 ಇರುವವರಿಗೆ ಇನ್ನೊಂದು: 3.73 ತನಕದ ರೇಶಿಯೊಗೆ ಒಂದು ಡಿಫರೆನ್ಷಿಯಲ್ ಕೇಸ್, 3.92ರಿಂದ ಮೇಲೆ ಬೇರೆ ಕೇಸ್. ಕ್ರೌನ್ ಬೋಲ್ಟ್ ಆಗುವುದು ಆ ಕೇಸಿಗೇ, ಅದನ್ನೂ ಕೇಳಿಕೊಂಡು ಕೊಳ್ಳಿ.

ಗುಜರಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ತಪ್ಪು ನನ್ನದೇ, ಚೀಟಿಯಲ್ಲಿ ಏನೂ ಬರೆಸಿರಲಿಲ್ಲ. "ಹೊಂದದಿದ್ದರೆ ವಾಪಸ್" ಅಂತ ಎರಡು ಪದ ಬರೆಸಿ ಸಹಿ ಹಾಕಿಸಿಕೊಂಡಿದ್ದರೆ ಉಳಿಯುತ್ತಿತ್ತು. ಕೊನೆಗೆ ಹೊಸ ಸೆಟ್ಟಿಗೇ ಹೇಳಿದೆ. ಬರುವುದಕ್ಕೆ ಮೂರು ವಾರ.

ಆ ಮೂರು ವಾರ ಬಿಚ್ಚುವ ಕೆಲಸ ನಾನೇ ಮಾಡೋಣ, ಕೂಲಿ ಉಳಿಯುತ್ತದೆ ಅಂದುಕೊಂಡೆ. ಈ ಹಳೇ ಆಕ್ಸಲ್‌ಗಳಲ್ಲಿ ಶಾಫ್ಟಿನ ತುದಿ ಶಂಕುವಿನ ಹಾಗೆ ಚೂಪಾಗುತ್ತಾ ಬಂದಿರುತ್ತದೆ, ಚಕ್ರವನ್ನು ಬೋಲ್ಟ್ ಮಾಡುವ ಹಬ್ ಅದರ ಮೇಲೆ ಒಂದು ಕೀಲಿ (ಎರಡೂ ಬೇರೆ ಬೇರೆ ತಿರುಗದ ಹಾಗೆ ತಡೆಯುವ ಸಣ್ಣ ಕಬ್ಬಿಣದ ತುಂಡು) ಹಾಕಿಸಿಕೊಂಡು ಬಿಗಿಯಾಗಿ ಕೂತಿರುತ್ತದೆ. ಎಷ್ಟೋ ವರ್ಷ ಬಿಚ್ಚದೇ ಇದ್ದರೆ ಅದು ಶಾಫ್ಟೂ ಅಲ್ಲ ಹಬ್ಬೂ ಅಲ್ಲ, ಒಂದೇ ಕಬ್ಬಿಣ. ಹಬ್ ಎಳೆದು ತೆಗೆಯುವ ಪುಲ್ಲರ್ ಬಾಡಿಗೆಗೆ ತಂದು ಹಾಕಿ ಬಿಗಿ ಮಾಡಿದೆ. ಬರಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹೊಡೆದೆ, ಪುಲ್ಲರ್ ತಲೆಗೆ ಸುತ್ತಿಗೆಯಿಂದ ಬಡಿದೆ, ಇನ್ನೂ ಕಾಲು ಸುತ್ತು ಬಿಗಿ ಮಾಡಿದೆ. ಎರಡು ದಿನ. ಎಡಗಡೆಯದು ಎರಡನೇ ದಿನ ಸಂಜೆ ಬಂತು. ಬಲಗಡೆಯದನ್ನು ಹಾಗೇ ಬಿಗಿಯಲ್ಲಿ ಬಿಟ್ಟು ಊಟಕ್ಕೆ ಹೋದೆ. ರಾತ್ರಿ ಹನ್ನೊಂದರ ಹೊತ್ತಿಗೆ ಹೊರಗಿನಿಂದ ಢಂ ಅಂತ ಸದ್ದು. ಮನೆಯವರೆಲ್ಲ ಎದ್ದು ಕೂತರು. ಟಾರ್ಚ್ ಹಿಡಿದು ಹೋಗಿ ನೋಡಿದರೆ ಹಬ್ ತಾನಾಗಿಯೇ ಬಿಟ್ಟುಕೊಂಡಿತ್ತು, ಪುಲ್ಲರ್ ಸಮೇತ ತುದಿಯ ನಟ್ಟಿಗೆ ಹೋಗಿ ಬಡಿದು ನಿಂತಿತ್ತು. ಆ ನಟ್ಟನ್ನು ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಸಡಿಲ ಬಿಟ್ಟಿದ್ದೆ, ಇಲ್ಲದಿದ್ದರೆ ಆ ಭಾರದ ಕಬ್ಬಿಣ ಗುಂಡಿನ ಹಾಗೆ ಹಾರುತ್ತಿತ್ತು. ಪುಲ್ಲರ್ ಹಾಕುವಾಗ ನಟ್ಟು ಪೂರ್ತಿ ತೆಗೆಯಬೇಡಿ, ಅದರ ಎದುರಿಗೂ ಕೂರಬೇಡಿ.

ವಾಪಸ್ ಹಾಕುವಾಗಿನದ್ದೂ ಇಲ್ಲೇ ಹೇಳಿಬಿಡುತ್ತೇನೆ. ಆ ನಟ್ಟು ಕಡಿಮೆಯೆಂದರೂ 200 ನ್ಯೂಟನ್ ಮೀಟರ್ ಬಿಗಿ ಬೇಕು. ಪಿನ್ ಹಾಕುವ ತೂತು ಸರಿಹೊಂದದಿದ್ದರೆ ಇನ್ನೂ ಸ್ವಲ್ಪ ಬಿಗಿ ಮಾಡಿ ಹೊಂದಿಸಬೇಕು, ಸಡಿಲ ಮಾಡಿ ಹೊಂದಿಸಬಾರದು. ಸಡಿಲ ಇದ್ದರೆ ಕೀಲಿ ಕಡಿದು ಹೋಗುತ್ತದೆ, ಆಮೇಲೆ ಎಂಜಿನ್ ಓಡುತ್ತದೆ ಗಾಡಿ ಓಡುವುದಿಲ್ಲ.

ಬಿಚ್ಚುವಾಗ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅಂದರೆ ಶಿಮ್‌ಗಳದ್ದು. ಕಾಗದದಷ್ಟು ತೆಳುವಾದ ಉಂಗುರಗಳು ಅವು, ಪಿನಿಯನ್ ಬಳಿ, ಸೈಡ್ ಬೇರಿಂಗ್‌ಗಳ ಹಿಂದೆ, ಬ್ರೇಕ್ ಪ್ಲೇಟಿನ ಹಿಂದೆ. ಎಡ ಬಲ ಅದಲುಬದಲಾಗದ ಹಾಗೆ ಒಂದೊಂದು ಜಾಗದ್ದನ್ನೂ ಬೇರೆ ಬೇರೆ ತಂತಿಗೆ ಪೋಣಿಸಿ ಚೀಟಿ ಕಟ್ಟಿದೆ, ಫೋಟೊ ತೆಗೆದುಕೊಂಡೆ. ಸೈಡ್ ಬೇರಿಂಗ್ ಕ್ಯಾಪ್‌ಗಳಿಗೂ ಎಡ ಬಲ, ಮೇಲೆ ಕೆಳಗೆ ಅಂತ ಗುರುತು ಹಾಕಬೇಕು, ಅವನ್ನು ತಿರುಗಿಸಿ ಹಾಕುವ ಹಾಗಿಲ್ಲ.

ಹೊಸ ಸೆಟ್ ಬಂತು. ಜೊತೆಗೆ ಎಲ್ಲಾ ಬೇರಿಂಗ್, ಸೀಲ್, ಕ್ರೌನ್ ಬೋಲ್ಟ್ ಹೊಸದು ತಂದೆ. ಹತ್ತಿರದ ಗ್ಯಾರೇಜಿಗೆ ಕೊಟ್ಟೆ. ಅವರು ಒಂದೇ ದಿನದಲ್ಲಿ ಹಳೇ ಶಿಮ್‌ಗಳನ್ನೇ ಹಾಕಿ ಜೋಡಿಸಿ, "ಆಯ್ತು ಸಾರ್, ಹಳೇ ಶಿಮ್ಮೇ ಸರಿಯಾಯ್ತು" ಅಂದರು. ಒಂದೇ ದಿನದಲ್ಲಿ ಮುಗಿಯಿತಲ್ಲ ಅಂತ ನನಗೂ ಸಂತೋಷ. ಗಾಡಿ ತೆಗೆದುಕೊಂಡು ಹೊರಟರೆ ನಲವತ್ತರ ವೇಗಕ್ಕೆ ಹಿಂದಿನಿಂದ ಅದೇ ಊಳು. ಹೊಸ ಗೇರು, ಹಳೇ ಸದ್ದು. ಕೂಡಲೇ ನಿಲ್ಲಿಸಿದೆ. ವಾಪಸ್ ಹೋಗಿ ಕೇಳಿದರೆ, "ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ" ಅಂತ ಉತ್ತರ. ಕ್ರೌನ್ ಪಿನಿಯನ್ ಓಡಿಸ್ತಾ ಸರಿಹೋಗುವುದಿಲ್ಲ. ಊಳಿಟ್ಟರೆ ಕೂಡುವ ಜಾಗ ತಪ್ಪಿದೆ ಅಂತ ಅರ್ಥ, ಓಡಿಸಿದಷ್ಟೂ ಹಲ್ಲು ಹಾಳು.

ಡಿಫರೆನ್ಷಿಯಲ್ ಒಂದನ್ನೇ ಮಾಡುವ ವಯಸ್ಸಾದ ಒಬ್ಬ ಮೇಸ್ತ್ರಿ ಇದ್ದಾರೆ ಅಂತ ಗೊತ್ತಾಯಿತು. ಅವರು ಮೊದಲು ಕೇಳಿದ್ದು, "ಹಳೇ ಪಿನಿಯನ್ ಇದೆಯಾ ಸಾರ್, ಗುಜರಿಗೆ ಹಾಕಿಬಿಟ್ರಾ?" ಇತ್ತು. ಕನ್ನಡಕ ಹಣೆಗೆ ಏರಿಸಿ, ಭೂತಗನ್ನಡಿ ಹಿಡಿದು ಎರಡೂ ಪಿನಿಯನ್‌ಗಳ ಮುಖ ನೋಡಿದರು. ಹಳೆಯದರಲ್ಲಿ +3 ಅಂತ ಗೀರಿತ್ತು. ಹೊಸದರಲ್ಲಿ -2. ಇಷ್ಟು ದಿನ ನನ್ನ ಕೈಯಲ್ಲೇ ಇದ್ದರೂ ನಾನು ನೋಡಿರಲಿಲ್ಲ. ಆ ಅಂಕಿ ಒಂದು ಇಂಚಿನ ಸಾವಿರದ ಒಂದು ಭಾಗದ ಲೆಕ್ಕ, ಮೇಸ್ತ್ರಿಗಳು ಥೌ ಅನ್ನುತ್ತಾರೆ. ಈ ಆಕ್ಸಲ್‌ನಲ್ಲಿ ಪಿನಿಯನ್ ಎಷ್ಟು ಆಳಕ್ಕೆ ಕೂರಬೇಕು ಅನ್ನುವುದನ್ನು ಒಳಗಿನ ಬೇರಿಂಗ್ ಕಪ್ಪಿನ, ಅಂದರೆ ಬೇರಿಂಗಿನ ಹೊರ ಉಂಗುರದ, ಹಿಂದಿನ ಶಿಮ್ ತೀರ್ಮಾನಿಸುತ್ತದೆ. +3ರಿಂದ -2ಕ್ಕೆ ಬಂದರೆ ಐದು ಥೌ ಶಿಮ್ ಜಾಸ್ತಿ ಹಾಕಬೇಕು. ಮಿಲಿಮೀಟರಿನಲ್ಲಿ ಹೇಳಿದರೆ 0.13. ಅಷ್ಟಕ್ಕೇ ಊಳು.

ಅವರ ಕೆಲಸ ಎರಡು ದಿನ ಪಕ್ಕದಲ್ಲೇ ಕೂತು ನೋಡಿದೆ. ಮೊದಲು ಹಲ್ಲುಗಳಿಗೆ ಹಳದಿ ಪೇಸ್ಟ್ ತೆಳುವಾಗಿ ಸವರಿದರು, ಕ್ರೌನನ್ನು ಸ್ವಲ್ಪ ತಡೆದು ಹಿಡಿದು ಪಿನಿಯನ್ ತಿರುಗಿಸಿದರು. ಹಲ್ಲು ಕೂಡಿದ ಕಡೆ ಪೇಸ್ಟ್ ಒರೆಸಿ ಹೋಗಿ ಎಲೆಯಾಕಾರದ ಗುರುತು ಬಿತ್ತು. ಅದು ಹಲ್ಲಿನ ನಡುವೆ ಬೀಳಬೇಕು. ನನ್ನದರಲ್ಲಿ ಹಲ್ಲಿನ ತುದಿಯ ಅಂಚಿಗೆ ಬಿದ್ದಿತ್ತು, ಅಂದರೆ ಪಿನಿಯನ್ ಕ್ರೌನಿನಿಂದ ದೂರ ಕೂತಿದೆ. ಗುರುತು ಬುಡದ ಕಡೆಗಿದ್ದರೆ ತೀರಾ ಒಳಗೆ ಬಂದಿದೆ ಅಂತ. ಐದು ಥೌ ಸೇರಿಸಿದರು. ಗುರುತು ನಡುವಿಗೆ ಬಂತು. ಆ ಹಳದಿ ಎಲೆ ಹಲ್ಲಿನ ಮಧ್ಯದಲ್ಲಿ ಕೂತದ್ದನ್ನು ನೋಡಿ ನನಗೆ ಆದ ಸಮಾಧಾನ ಹೇಳುವ ಹಾಗಿಲ್ಲ.

ಪ್ರತಿ ಸಲ ಶಿಮ್ ಬದಲಿಸಲು ಬೇರಿಂಗ್ ಪ್ರೆಸ್ಸಿನಲ್ಲಿ ಎಳೆದು ತೆಗೆಯುತ್ತಾ ಕೂತರೆ ಹೊಸ ಬೇರಿಂಗ್ ಹಾಳಾಗುತ್ತದಲ್ಲ? ಅದಕ್ಕೆ ಅವರ ಹತ್ತಿರ ಹಳೇ ಬೇರಿಂಗ್‌ಗಳು ಇದ್ದವು, ಒಳಗಿನ ತೂತನ್ನು ಕೂದಲೆಳೆಯಷ್ಟು ಉಜ್ಜಿ ಸಡಿಲ ಮಾಡಿಟ್ಟದ್ದು. ಅಳತೆ ನೋಡುವಾಗೆಲ್ಲ ಅವನ್ನು ಹಾಕಿ ತೆಗೆದು, ಎಲ್ಲಾ ಸರಿಯಾದ ಮೇಲೆ ಹೊಸದನ್ನು ಒಂದೇ ಸಲ ಒತ್ತಿ ಕೂರಿಸಿದರು. ಪಿನಿಯನ್ ಬೇರಿಂಗ್ ಬಿಗಿ ನೋಡಲು ಯೋಕಿಗೆ (ಪ್ರೊಪೆಲ್ಲರ್ ಶಾಫ್ಟ್ ಜೋಡಿಸುವ ಪಿನಿಯನ್ನಿನ ಹೊರತುದಿಗೆ) ದಾರ ಸುತ್ತಿ ತೂಕದ ಸ್ಪ್ರಿಂಗ್ ಕೊಕ್ಕೆಯಿಂದ ಎಳೆದರು. ಇನ್ನೂ ಸೀಲ್ ಹಾಕಿರಲಿಲ್ಲ, ಕ್ರೌನೂ ಕೂರಿಸಿರಲಿಲ್ಲ, ಅವಿದ್ದರೆ ಲೆಕ್ಕ ತಪ್ಪುತ್ತದೆ. ಹಲ್ಲುಗಳ ನಡುವಿನ ಸಡಿಲ, ಬ್ಯಾಕ್‌ಲ್ಯಾಶ್ ಅನ್ನುತ್ತಾರಲ್ಲ, ಅದನ್ನು ಡಯಲ್ ಗೇಜ್ ಇಟ್ಟು ಕ್ರೌನಿನ ನಾಲ್ಕು ಕಡೆ ಅಳೆದರು. ಸೆಟ್ ಜೊತೆ ಬಂದ ಚೀಟಿಯಲ್ಲಿ 0.15ರಿಂದ 0.25 ಮಿಲಿಮೀಟರ್ ಅಂತ ಇತ್ತು. 0.18ಕ್ಕೆ ನಿಲ್ಲಿಸಿದರು. ಆ ಚೀಟಿಯನ್ನು ಮೊದಲ ಗ್ಯಾರೇಜಿನವರು ಪ್ಲಾಸ್ಟಿಕ್ ಕವರಿನಿಂದ ಹೊರಗೇ ತೆಗೆದಿರಲಿಲ್ಲ.

ಗ್ಯಾರೇಜಿಗೆ ಕೊಡುವ ಮೊದಲು ನೀವು ಕೇಳಬೇಕಾದ್ದು ಇಷ್ಟೇ: ಡಯಲ್ ಗೇಜ್ ಇದೆಯಾ, ಪೇಸ್ಟ್ ಹಚ್ಚಿ ಗುರುತು ನೋಡುತ್ತೀರಾ, ನನಗೆ ಫೋಟೊ ಕೊಡುತ್ತೀರಾ. ಮುಖ ಸಿಂಡರಿಸಿದರೆ ಬೇರೆ ಕಡೆ ಹೋಗಿ.

ಖರ್ಚು ಎಷ್ಟಾಯಿತು ಅಂತ ಎಲ್ಲರೂ ಕೇಳುತ್ತಾರೆ. ಒಟ್ಟು ಖರ್ಚನ್ನು ನೂರು ಅಂದುಕೊಂಡರೆ ಹೊಸ ಸೆಟ್ಟಿಗೆ ನಲವತ್ತು. ಬೇರಿಂಗ್, ಸೀಲ್, ಬೋಲ್ಟ್, ಎಣ್ಣೆಗೆ ಇಪ್ಪತ್ತು. ಎರಡು ಸಲದ ಕೂಲಿಗೆ ಇಪ್ಪತ್ತೈದು. ಉಳಿದ ಹದಿನೈದು ನನ್ನ ದಡ್ಡತನಕ್ಕೆ, ಅಂದರೆ 39 ಹಲ್ಲಿನ ಸೆಟ್ಟು ಮತ್ತು ಅತ್ತಿಂದಿತ್ತ ಗಾಡಿ ಹೊರಿಸಿದ ಬಾಡಿಗೆ. ಬ್ರೀದರಿಗೆ ಒಂದು ಉದ್ದದ ರಬ್ಬರ್ ಪೈಪು ಸಿಕ್ಕಿಸಿ ನೀರು ಮುಟ್ಟದಷ್ಟು ಎತ್ತರಕ್ಕೆ ತಂದು ಕಟ್ಟಿದ್ದೇನೆ. ಅದರ ಖರ್ಚು ಈ ನೂರರ ಲೆಕ್ಕದಲ್ಲಿ ಒಂದರ ಅರ್ಧವೂ ಇಲ್ಲ.

ಎಣ್ಣೆ ಹಾಕುವಾಗ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಹಾಕಿದರು. ಕ್ರೌನ್ ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ತುಂಬಾ ಜಾರುತ್ತವೆ, ಅದಕ್ಕೆ ಆ ದರ್ಜೆ ಬೇಕು. ಉಳಿದಿದೆ ಅಂತ ಅದನ್ನೇ ಹಳೇ ಗೇರ್‌ಬಾಕ್ಸಿಗೂ ಸುರಿಯಬೇಡಿ. ಅಲ್ಲಿನ ಹಿತ್ತಾಳೆ ಭಾಗಗಳಿಗೆ ಅದರಲ್ಲಿನ ಗಂಧಕ ಆಗಿಬರುವುದಿಲ್ಲ.

ಹೊಸ ಹಲ್ಲಿಗೆ ಪಳಗುವ ಸಮಯ ಕೊಡಬೇಕು. ಮೊದಲ ದಿನ ಇಪ್ಪತ್ತು ನಿಮಿಷ ಮೆಲ್ಲಗೆ ಓಡಿಸಿ ಪೂರ್ತಿ ತಣ್ಣಗಾಗಲು ಬಿಟ್ಟೆ. ಮತ್ತೆ ಇಪ್ಪತ್ತು ನಿಮಿಷ, ಮತ್ತೆ ತಂಪು. ಎಂಟುನೂರು ಕಿಲೋಮೀಟರ್ ತನಕ ಭಾರ ಎಳೆಯಲಿಲ್ಲ, ಏರಿಗೆ ಹೋಗಲಿಲ್ಲ. ಪ್ರತಿ ಸಲ ನಿಲ್ಲಿಸಿದಾಗ ಇಳಿದು ಕವರಿಗೆ ಕೈ ಇಟ್ಟು ನೋಡುವುದು ಅಭ್ಯಾಸವೇ ಆಗಿಬಿಟ್ಟಿದೆ. ಬಿಸಿ ಇರುತ್ತದೆ, ಆದರೆ ಕೈ ಇಡಲೇ ಆಗದಷ್ಟು ಅಲ್ಲ. ಊಳು ಇಲ್ಲ. ಈಗ ನಿಜವಾಗಿಯೂ ಟೈರಿನ ಸದ್ದೇ, ಆಕ್ಸಿಲರೇಟರ್ ಬಿಟ್ಟು ಬಿಟ್ಟು ನೋಡಿದ್ದೇನೆ.

ನಿನ್ನೆ ಮೊದಲ ಎಣ್ಣೆ ಇಳಿಸಿದೆ. ಬಣ್ಣ ಚೆನ್ನಾಗಿತ್ತು, ಹಾಲಿನ ಅಂಶ ಇಲ್ಲ. ಕವರಿನ ಒಳಗೆ ಅಂಟಿಸಿದ್ದ ಮ್ಯಾಗ್ನೆಟ್ಟಿನ ಮೇಲೆ ಬೂದುಬಣ್ಣದ ಮೆತ್ತನೆ ಪೇಸ್ಟ್, ಬೆರಳಿನಲ್ಲಿ ಉಜ್ಜಿದರೆ ನುಣ್ಣಗೆ, ಅದು ಸಹಜ. ಅದನ್ನು ಒರೆಸುತ್ತಿದ್ದಾಗ ಬಟ್ಟೆಗೆ ಏನೋ ಚುಚ್ಚಿತು. ಕಡಲೆಬೇಳೆಯಷ್ಟು ದೊಡ್ಡ ತುಂಡು. ಎದೆ ಮತ್ತೆ ಝಲ್ಲೆಂದಿತು. ಹೊಸ ಹಲ್ಲುಗಳನ್ನು ಟಾರ್ಚ್ ಬಿಟ್ಟು ಒಂದೊಂದಾಗಿ ಎಣಿಸಿದೆ, ನಲವತ್ತಮೂರೂ ಇವೆ, ಒಂದಕ್ಕೂ ಏಟಾಗಿಲ್ಲ. ಆಮೇಲೆ ನೆನಪಾಗಿ ಒಳಗೆ ಹೋಗಿ ಡ್ರಾಯರಿನಿಂದ ಹಳೇ ತುಂಡುಗಳ ಪೊಟ್ಟಣ ತಂದೆ. ಮೂರನೇ ಹಲ್ಲಿನ ಮೂಲೆಗೆ ಇಟ್ಟರೆ ಸರಿಯಾಗಿ ಕೂತಿತು.

ಕೋಲಿಗೆ ಬಟ್ಟೆ ಸುತ್ತಿ ಆಕ್ಸಲ್ ಟ್ಯೂಬ್‌ಗಳನ್ನು ನಾನೇ ಒರೆಸಿದ್ದೆ, ಎರಡೆರಡು ಸಲ. ಆದರೂ ಎಲ್ಲೋ ಗ್ರೀಸಿನೊಳಗೆ ಅಂಟಿಕೊಂಡು ಉಳಿದಿತ್ತು. ಮೇಸ್ತ್ರಿಗೆ ಫೋಟೊ ಕಳಿಸಿದೆ. "ಬೇರಿಂಗ್‌ಗೆ ಸಿಗಲಿಲ್ಲ, ಬಚಾವ್. ಇನ್ನು ನೂರು ಕಿಲೋಮೀಟರ್ ಓಡಿಸಿ ಇನ್ನೊಂದು ಸಲ ಕವರ್ ಬಿಚ್ಚಿಬಿಡಿ ಸಾರ್" ಅಂದರು. ಹತ್ತು ಬೋಲ್ಟ್ ತಾನೇ. ಬರುವ ಭಾನುವಾರ ಬಿಚ್ಚಬೇಕು.